ಖಾನಾಪುರದ ಚಾವಿ ಮತ್ತು ಶೈಲಜಾಳ ಪೆಟ್ಟಿಗೆ

ಪರರ ಹೊಲ ಮನೆ ಕಂಡು ನನಗೆ ಎಂದೂ ಹೊಟ್ಟೆ ಉರಿದದ್ದಿಲ್ಲ. ಪಕ್ಕದ ಮನೆಯವರು ಹೊಸ ಸ್ಕೂಟರು ತಂದಾಗ ನಾನೇ ಮುಂದೆ ನಿಂತು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ನನ್ನ ಜೊತೆ ಕೆಲಸಕ್ಕೆ ಸೇರಿದವನು ನನಗಿಂತ ಮೊದಲು ಬಡ್ತಿ ಪಡೆದಾಗ ಕುಂದಾ ಕೊಡಿಸಲು ಅವನು ಮರೆತರೂ ನಾನು ಮರೆಯದೆ ಕೊಡಿಸಿಕೊಂಡು ತಿಂದೆ. ಹೀಗಾಗಿ ಬಾಳಪ್ಪನೆಂಬ ಈ ಮನುಷ್ಯನಿಗೆ ಮತ್ಸರವೆಂಬುದೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ನಮ್ಮ ಕಚೇರಿಗೆ ಶೈಲಜಾ ಬಂದಳು. ಬಂದವಳು ಒಂದು ಪೆಟ್ಟಿಗೆ ಮಾಡಿದಳು. ಆ ಪೆಟ್ಟಿಗೆ ‘ಟಕ್’ ಎಂದಿತು. ಆ ಒಂದು ಟಕ್ಕಿಗೆ ನನ್ನ ಸಾಧುತ್ವವೆಲ್ಲ ಮುಗಿದುಹೋಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಆಗ ಹಂಚಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ನಾನೇ. ಕಚೇರಿ ಬೆಳಗಾವಿಯ ಟಿಳಕವಾಡಿಯಲ್ಲಿ. ಮಣ್ಣು, ಭಟ್ಟಿ, ಹಂಚು ಎಲ್ಲ ಖಾನಾಪುರದಲ್ಲಿ. ಕಾರ್ಖಾನೆಯ ಒಂದು ಕೋಣೆಯಲ್ಲಿ ಒಂದು ಲಿನಕ್ಸ್ ಮಷಿನ್ ಇತ್ತು. ಮಾಸಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ನಾನೇ ಅದಕ್ಕೆ ಲಿನಕ್ಸ್ ಹಾಕಿದ್ದೆ. ಯಾರಿಗೆ ಯಾವ ಹಂಚು ಹೋಗಬೇಕು ಎಂಬುದೆಲ್ಲ ಅದರೊಳಗೇ ಇರುತ್ತಿತ್ತು. ಗೇಟಿನ ಬಳಿಯ ಪ್ರಿಂಟರಿನಲ್ಲಿ ಅದು ಪಾಸು ಮುದ್ರಿಸಿಕೊಟ್ಟರೆ ಮಾತ್ರ ಲಾರಿ ಗೇಟು ದಾಟಬೇಕು ಎಂಬುದು ಮಾಲೀಕರ ಕಟ್ಟಪ್ಪಣೆ.

ಈ ಮಷಿನ್ನಿಗೂ ಖಾನಾಪುರದ ಕರೆಂಟಿಗೂ ಹೊಂದಿಕೆ ಇರಲಿಲ್ಲ. ಕರೆಂಟು ಹಾರಿ ಹೋಗಿ ಬಂದ ಮೇಲೆ ಅದು ಒಮ್ಮೊಮ್ಮೆ ಸುಮ್ಮನೆ ಕಲ್ಲಾಗಿ ಕೂತುಬಿಡುತ್ತಿತ್ತು. ಒಮ್ಮೊಮ್ಮೆ ಅರ್ಧ ಎದ್ದು, ‘ನನ್ನ ಡಿಸ್ಕಿನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ, ತಿಳಿದವರು ಯಾರಾದರೂ ಬಂದು ಗುಪ್ತಪದ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿ ನಿಲ್ಲುತ್ತಿತ್ತು. ಒಂದು ಸಲ ಹೀಗೆ ಡಿಸ್ಕು ತಪಾಸಣೆ ನಡೆದಿರುವಾಗ ಯಾರೋ ಪುಣ್ಯಾತ್ಮರು ಅದರ ಪ್ಲಗ್ಗು ಕಿತ್ತು ಚಹಾ ಕಾಸುವ ಕೆಟಲ್ ಸಿಕ್ಕಿಸಿದರು. ಸಾಕಷ್ಟು ಲೆಕ್ಕ ಆ ಚಹಾದ ಜೊತೆ ಆವಿಯಾಯಿತು. ಆಗ ಮಾಲೀಕರು ಕೋಣೆಗೆ ಬೀಗ ಹಾಕಿಸಿ, ಇದ್ದ ಒಂದೇ ಚಾವಿಯನ್ನು ನನ್ನ ಕೈಯಲ್ಲಿಟ್ಟರು.

ಆ ಚಾವಿ ನನ್ನ ಪ್ಯಾಂಟಿನ ಪಟ್ಟಿಗೆ ನೇತಾಡುತ್ತಿದ್ದ ದಿನಗಳನ್ನು ನೀವು ನೋಡಬೇಕಿತ್ತು. ಖಾನಾಪುರದಿಂದ ಫೋನು ಬಂದ ಕೂಡಲೇ ನಾನು ಮುಖವನ್ನು ಗಂಭೀರ ಮಾಡಿಕೊಂಡು ರೈಲೋ ಬಸ್ಸೋ ಹಿಡಿಯುತ್ತಿದ್ದೆ. ದೇಸೂರು, ಇದಲಹೊಂಡ ದಾಟುವವರೆಗೆ ಕಿಟಕಿಯ ಹೊರಗೆ ನೋಡುವುದೂ ನನ್ನ ಘನತೆಗೆ ಕಡಿಮೆ ಎನಿಸುತ್ತಿತ್ತು. ಕಾರ್ಖಾನೆಯ ಬಾಗಿಲಲ್ಲಿ ಮ್ಯಾನೇಜರ್ ನಾರಾಯಣರಾವ್ ಕಾಯುತ್ತಿರುತ್ತಿದ್ದರು. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿಸಿ ಮಾತಾಡುವ ಮನುಷ್ಯ. “ಯಾ ಯಾ, ಬರ್ರಿ ಬಾಳಪ್ಪಾ ಸಾಹೇಬ, ಮೊದಲ ಪೋಹೆ ತಿನ್ರಿ, ಮಷಿನ್ ಎಲ್ಲಿ ಓಡಿ ಹೊಕ್ಕೈತಿ” ಎನ್ನುತ್ತಿದ್ದರು. ನಾನು ಆ ಅವಲಕ್ಕಿ ತಿಂದು, ಚಾವಿ ತಿರುಗಿಸಿ, ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಹೊರಗೆ ಡ್ರೈವರುಗಳು, ಗುಮಾಸ್ತರು ಪಿಸುಮಾತಿನಲ್ಲಿ ನಿಂತಿರುತ್ತಿದ್ದರು. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ. ಒಳಗೆ ನಾನು ಮಾಡುತ್ತಿದ್ದುದೆಂದರೆ ಮಷಿನ್ ಆರಿಸುವುದು, ಹಚ್ಚುವುದು, ಅದು ಕೇಳಿದ ಪ್ರಶ್ನೆಗಳಿಗೆಲ್ಲ ‘ಹೌದು’ ಎನ್ನುವುದು. ಮದುವೆಯಾದ ಯಾವ ಗಂಡಸಿಗೂ ಬರುವ ವಿದ್ಯೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಮಾಡಿದರೆ ಅದಕ್ಕೆ ಬೇರೆಯೇ ತೂಕ.

ಇಂಥ ಸುಖದ ನಡುವೆ ಶೈಲಜಾ ಕೆಲಸಕ್ಕೆ ಸೇರಿದಳು. ಖಾಸಬಾಗದ ಹುಡುಗಿ, ಎಲೆಕ್ಟ್ರಾನಿಕ್ಸ್ ಓದಿದವಳು. ಮಾಲೀಕರು ನನಗೆ ಸಹಾಯಕ್ಕೆಂದು ತೆಗೆದುಕೊಂಡರು. ಬಂದ ಸ್ವಲ್ಪ ದಿನಕ್ಕೆ ನನ್ನ ಜೊತೆ ಒಮ್ಮೆ ಖಾನಾಪುರಕ್ಕೆ ಬಂದು, ಕೋಣೆಯೊಳಗೂ ಬಂದು, ನಾನು ಮಾಡಿದ್ದನ್ನೆಲ್ಲ ನೋಡಿದಳು. ಹೊರಡುವಾಗ ಕೇಳಿದಳು:

“ಸರ್, ಇಷ್ಟಕ್ಕ ನೀವು ಇಷ್ಟ ದೂರ ಬರತೀರೇನ್ರಿ?”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಬರೀ ಕನಿಕರವಿತ್ತು. ವ್ಯಂಗ್ಯವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವಳು ಮಾಡಿದ್ದು ಇಷ್ಟು. ಆಗಿನ ಕಂಪ್ಯೂಟರುಗಳ ಬೆನ್ನಿಗೆ ಸೀರಿಯಲ್ ಪೋರ್ಟ್ ಎಂಬ ಒಂದು ಕಿಂಡಿ ಇರುತ್ತಿತ್ತು. ಹೇಳಿಟ್ಟರೆ ಲಿನಕ್ಸು ಪರದೆಯ ಮೇಲೆ ಆಡುವ ಮಾತನ್ನೆಲ್ಲ ಆ ಕಿಂಡಿಯ ತಂತಿಯೊಳಗೂ ಅಕ್ಷರ ಅಕ್ಷರವಾಗಿ ಆಡುತ್ತದೆ. ಅಲ್ಲಿಂದ ಬಂದ ಅಪ್ಪಣೆಯನ್ನೂ ಕೇಳುತ್ತದೆ. ಗೋದಾಮಿನಲ್ಲಿ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರನ್ನು ಶೈಲಜಾ ಎತ್ತಿಸಿ, ಧೂಳು ಒರೆಸಿ, ಅದನ್ನು ಖಾನಾಪುರದ ಮಷಿನ್ನಿನ ಪಕ್ಕದಲ್ಲಿಟ್ಟು, ಎರಡರ ನಡುವೆ ಈ ತಂತಿ ಎಳೆದಳು. ಹಳೆಯದಕ್ಕೆ ಒಂದು ಮೋಡೆಮ್ಮು, ಮೋಡೆಮ್ಮಿಗೆ ಟೆಲಿಫೋನು. ಕೊನೆಗೆ ಒಂದು ತಗಡಿನ ಪೆಟ್ಟಿಗೆಯೊಳಗೆ ರಿಲೇ ಕೂರಿಸಿದಳು. ರಿಲೇ ಎಂದರೆ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಸ್ವಿಚ್ಚು; ಬೆರಳಿನ ಬದಲು ಚೂರು ವಿದ್ಯುತ್ತು ಅದನ್ನು ಒತ್ತುತ್ತದೆ. ದೊಡ್ಡ ಮಷಿನ್ನಿನ ಕರೆಂಟು ಈ ಪೆಟ್ಟಿಗೆಯನ್ನು ಹಾಯ್ದೇ ಹೋಗಬೇಕು. ಈಗ ಬೆಳಗಾವಿಯಲ್ಲಿ ಕೂತು ಖಾನಾಪುರಕ್ಕೆ ಫೋನು ಹಚ್ಚಿ, ಹಳೆಯ ಕಂಪ್ಯೂಟರಿಗೆ ‘ಆಫ್’ ಎಂದರೆ ಪೆಟ್ಟಿಗೆ ಟಕ್ ಎಂದು ಮಷಿನ್ ಆರುತ್ತಿತ್ತು. ‘ಆನ್’ ಎಂದರೆ ಟಕ್ ಎಂದು ಹತ್ತುತ್ತಿತ್ತು. ಅದು ಕೇಳುವ ಪ್ರಶ್ನೆಗಳೂ ಬೆಳಗಾವಿಗೇ ಬರುತ್ತಿದ್ದವು. ಹೌದು ಎನ್ನುವುದಕ್ಕೆ ಖಾನಾಪುರಕ್ಕೆ ಹೋಗುವ ಕಾರಣವೇ ಉಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಸುಶೀಲಾಳಿಗೆ ಸೀರಿಯಲ್ಲಿನ ಉಪದ್ವ್ಯಾಪವನ್ನೆಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ, “ಯಾವ ಸೀರಿಯಲ್ಲರಿ? ನಮ್ಮ ಟೀವ್ಯಾಗ ಬರತೈತೇನು?” ಎಂದಳು.

ಇಲ್ಲಿಂದ ನನ್ನ ಹೊಟ್ಟೆಯ ಕಥೆ ಶುರುವಾಯಿತು. ಸಂಸ್ಕೃತದವರು ಮತ್ಸರವನ್ನು ಅರಿಷಡ್ವರ್ಗದಲ್ಲಿ ಕಟ್ಟಕಡೆಗೆ ಕೂರಿಸಿದ್ದಾರೆ. ಕಾಮ ಕ್ರೋಧಗಳಿಗೆ ಮುಂದಿನ ಬೆಂಚು, ಇದಕ್ಕೆ ಹಿಂದಿನದು. ಕನ್ನಡದವರು ಮಾತ್ರ ಅದರ ವಿಳಾಸವನ್ನು ಸರಿಯಾಗಿ ಕಂಡುಹಿಡಿದರು: ಹೊಟ್ಟೆಕಿಚ್ಚು. ಸಿಟ್ಟು ನೆತ್ತಿಗೇರುತ್ತದೆ, ದುಃಖ ಗಂಟಲಿಗೆ ಬರುತ್ತದೆ; ಇದೊಂದು ಮಾತ್ರ ಊಟ ಇಳಿಯುವ ಜಾಗದಲ್ಲಿ ಒಲೆ ಹೂಡಿಕೊಂಡು ಕೂರುತ್ತದೆ. ನಮ್ಮ ಕಡೆಯ ಮರಾಠಿಯಲ್ಲಂತೂ ಮತ್ಸರಿಸುವುದಕ್ಕೂ ಸುಡುವುದಕ್ಕೂ ಒಂದೇ ಕ್ರಿಯಾಪದ. ಎರಡು ಭಾಷೆ ಬರುವ ಊರಿನವನಾದ್ದರಿಂದ ನಾನು ಎರಡೂ ಭಾಷೆಯಲ್ಲಿ ಉರಿದೆ.

ಹುಡುಗಿಯ ಜಾಣತನಕ್ಕೆ ಉರಿದೆನೇ? ಅಷ್ಟು ದೊಡ್ಡ ಮನುಷ್ಯ ನಾನಲ್ಲ. ನಾನು ಉರಿದದ್ದು ಫೋನಿಗೆ. ಮೊದಲು ನಾರಾಯಣರಾವ್ ಫೋನು ಮಾಡಿ “ಬಾಳಪ್ಪಾ ಸಾಹೇಬರನ್ನ ಕೊಡ್ರಿ” ಎನ್ನುತ್ತಿದ್ದರು. ಈಗ “ಶೈಲಾತಾಯಿ ಅದಾಳೇನ್ರಿ?” ಎನ್ನತೊಡಗಿದರು. ನಾನೇ ಎತ್ತಿದರೂ “ಹಾಂ, ಸಾಹೇಬ, ಛಲೋ ಅದೀರಿ? ಶೈಲಾತಾಯಿಗೆ ಕೊಡ್ರಿ” ಎನ್ನುತ್ತಿದ್ದರು. ನಾನು ರಿಸೀವರನ್ನು ಅವಳ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮನೆಗೆ ಬಂದು ಶೈಲಜಾ ಹೀಗೆ, ಶೈಲಜಾ ಹಾಗೆ, ಅದೇನು ದೊಡ್ಡ ವಿದ್ಯೆಯೇ, ತಗಡಿನ ಡಬ್ಬಿ ಎಂದು ಗೊಣಗುತ್ತಿದ್ದೆ. ಸುಶೀಲಾ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು: “ಬೈಯಾಕಾದ್ರೂ ಆಕಿ ಹೆಸರೇ ಬೇಕು ನಿಮಗ. ನನ್ನ ಹೆಸರು ಹಿಡದು ಇಷ್ಟು ಸಲ ಬೈದಿದ್ರ ನಾ ಹಿಗ್ಗಿ ಹೋಗತಿದ್ನಿ.”

ಹುಡುಗಿಯ ಮೇಲೆ ನನಗೆ ಸಿಟ್ಟು ಇರಲಿಲ್ಲ. ಅವಳು ಟೇಬಲ್ಲಿಗೆ ಬಂದು “ಸರ್, ಇದನ್ನ ಹ್ಯಾಂಗ ನಡಸೂದು ಒಂದು ಸಲ ನೋಡಕೋರಿ. ಪಾಸ್‌ವರ್ಡ್ ಬರಕೋರಿ” ಎಂದು ಎಷ್ಟೋ ಸಲ ಕೇಳಿದ್ದಳು. “ಇರಲಿ ತಂಗಿ, ನಮಗ ಬಸ್ಸು ಐತಿ” ಎಂದು ನಾನು ಪ್ರತಿ ಸಲ ಚಾವಿ ಮುಟ್ಟಿ ನೋಡಿಕೊಂಡೆ.

ಹೀಗಿರುವಾಗ ಅವಳ ಮದುವೆ ಗೊತ್ತಾಯಿತು. ವರ ಮಲ್ಲಿಕಾರ್ಜುನ, ರವಿವಾರ ಪೇಟೆಯ ಬೇಳೆಕಾಳಿನ ಸಗಟು ವ್ಯಾಪಾರಿಯ ಮಗ. ಮೇ ತಿಂಗಳು, ಖಾಸಬಾಗದ ಮಂಗಲ ಕಾರ್ಯಾಲಯ. ಹಿಂದಿನ ದಿನ ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಹೊಡೆಯಿತು. ಮದುವೆಯ ಬೆಳಿಗ್ಗೆ ನಾನು ಇಸ್ತ್ರಿಯ ಅಂಗಿ ತೊಟ್ಟು ಕಚೇರಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗೋಣವೆಂದಿದ್ದೆ. ಫೋನು ಬಂತು. ನಾರಾಯಣರಾವ್.

“ಸಾಹೇಬ, ಮಷಿನ್ ಸತ್ತಂಗ ಕುಂತೈತಿ. ಗೇಟಿನ ತನಕ ಗಾಡಿ ಹಚ್ಚ್ಯಾವ್ರಿ. ಶೈಲಾತಾಯಿ…”

“ಇವತ್ತು ಆಕೀ ಮದುವಿರಿ!”

“ಅರೇ ದೇವಾ! ಹಂಗಾರ ನೀವ ಬರ್ರಿ ಲಗೂನ. ಜಾಂಬೋಟಿ ಕಡೆ ಒಂದು ಕನ್ನಡ ಸಾಲೀದು ಹಳೀ ಹಂಚು ತಗದು ಬಯಲ ಮಾಡಿ ಕುಂತಾರ. ಇವತ್ತ ಹೊಚ್ಚಬೇಕು. ಆ ಕಡೆ ಮೋಡ ನೋಡಿದ್ರ ನನಗ ಅಂಜಿಕಿ ಬರತೈತಿ. ಬುಕ್ಕು, ಬೆಂಚು, ಎಲ್ಲಾ ಒಳಗ ಅದಾವಂತ.”

ಮಾಲೀಕರು ಊರಲ್ಲಿರಲಿಲ್ಲ, ಪಾಸಿಲ್ಲದೆ ಬಿಡಿ ಎನ್ನುವ ಅಧಿಕಾರ ನನಗಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಚಿಂತೆಗಿಂತ ಖುಷಿಯೇ ಹೆಚ್ಚಾಯಿತು. ‘ಹಂಗಾರ ನೀವ ಬರ್ರಿ’ ಎಂದಿದ್ದರಲ್ಲ! ಚಾವಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದೆ. ಅಲ್ಲಿ ಖಾನಾಪುರದ ಬಸ್ಸುಗಳೆಲ್ಲ ಸಾಲಾಗಿ ನಿಂತಿದ್ದವು. ದೇಸೂರಿನ ಆಚೆ ಮಳೆಗೆ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿದೆ, ಕಡಿದು ಸರಿಸುವ ತನಕ ಬಸ್ಸಿಲ್ಲ ಎಂದರು. ರೈಲು ಆಗಲೇ ಹೋಗಿತ್ತು. ಚಾವಿ ನನ್ನ ಕೈಯಲ್ಲಿತ್ತು, ಬೀಗ ಖಾನಾಪುರದಲ್ಲಿತ್ತು. ನಡುವೆ ಒಂದು ಮರ.

ಆಟೋ ಹಿಡಿದು ಖಾಸಬಾಗಕ್ಕೆ ಹೋದೆ.

ಅಕ್ಕಿಕಾಳು ಬಿದ್ದು ಮದುವೆ ಆಗಿ ಹೋಗಿತ್ತು. ವಧೂವರರು ವೇದಿಕೆಯ ಮೇಲೆ ನಿಂತಿದ್ದರು. ಆಹೇರು, ಅಂದರೆ ಉಡುಗೊರೆ, ಕೊಡುವವರ ಸಾಲು ಬಾಗಿಲ ತನಕ ಬಂದಿತ್ತು. ಬಾಜಾ ಬಜಂತ್ರಿಯವರು ಕಿವಿ ಹರಿಯುವಂತೆ ಊದುತ್ತಿದ್ದರು. ಸಾಲಿನಲ್ಲಿ ನಿಂತು ನನ್ನ ಸರದಿ ಬರುವ ಹೊತ್ತಿಗೆ ಮೈಯೆಲ್ಲ ಬೆವರು. ಬೆವರಿಗೆ ಮೇ ತಿಂಗಳೊಂದೇ ಕಾರಣವಲ್ಲ. ಇಷ್ಟು ದಿನ ‘ಇರಲಿ ತಂಗಿ’ ಎಂದು ಗತ್ತು ಮಾಡಿದವನು ಈಗ ಬಾಸಿಂಗ ಕಟ್ಟಿಕೊಂಡ ಹುಡುಗಿಯ ಮುಂದೆ ಪಾಸ್‌ವರ್ಡ್ ಬೇಡುವುದೆಂದರೆ ಏನು! ಸಾಲಿನಿಂದ ಜಾರಿಬಿಡೋಣ ಎಂದೂ ಅನಿಸಿತು. ಆದರೆ ತೆರೆದ ಮಾಡಿನ ಕೆಳಗಿನ ಬೆಂಚುಗಳು ಕಣ್ಣಿಗೆ ಕಟ್ಟಿದವು. ಮೆಟ್ಟಿಲು ಹತ್ತಿದೆ.

“ಖಾನಾಪುರ ಮಲಗೈತಿ,” ಎಂದೆ. “ದಾರ್ಯಾಗ ಮರ ಬಿದ್ದೈತಿ. ನಿನ್ನ ಪೆಟಗಿ ನಡಸೂದು ಹೇಳು ತಂಗಿ.”

ಶೈಲಜಾ ನಗಲಿಲ್ಲ. ಬಾಸಿಂಗ ಸರಿಮಾಡಿಕೊಂಡು, ಮದುವೆಯೇ ಮರೆತವಳಂತೆ, ನನ್ನ ಕಿವಿಗೆ ಬಾಗಿ ಹೇಳತೊಡಗಿದಳು. “ಮೊದಲ ಹಳೀ ಕಂಪ್ಯೂಟರಿಗೆ ಲಾಗಿನ್ ಆಗ್ರಿ. ರಿಲೇ ಆಫ್ ಮಾಡ್ರಿ. ಮಾಡಿದ ಮ್ಯಾಲೆ ಗಡಿಬಿಡಿ ಮಾಡಬ್ಯಾಡ್ರಿ, ಡಿಸ್ಕ್ ತಿರಗೂದು ಪೂರಾ ನಿಲ್ಲಲಿ. ಆನ್ ಮಾಡೂಕ್ಕಿಂತ ಮೊದಲ ಸೀರಿಯಲ್ ತಂತಿಗೆ ಕಿವಿ ಕೊಟ್ಟು ಕುಂದರ್ರಿ, ಇಲ್ಲಂದ್ರ ಅದು ಮೊದಲ ಏನಂತು ಅನ್ನೂದು ತಪ್ಪತೈತಿ.”

ಪಾಸ್‌ವರ್ಡ್ ಕೇಳಿದೆ. ಹೇಳಿದಳು. ಕಹಳೆಯ ಅಬ್ಬರದಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ಆಂ?” ಎಂದೆ. ಅವಳು ಇನ್ನೂ ಹತ್ತಿರ ಬಾಗಿ ಒದರಿದಳು: “ಕರದಂಟು! ಕರದಂಟು ರೀ ಸರ್!” ಅಷ್ಟರಲ್ಲಿ ಬಾಜಾ ನಿಂತುಬಿಟ್ಟಿತ್ತು.

ಇಡೀ ಕಾರ್ಯಾಲಯ ನಮ್ಮ ಕಡೆ ತಿರುಗಿತು. ವರ ಮಲ್ಲಿಕಾರ್ಜುನ ಸೆಟೆದು ನಿಂತು, ಪಕ್ಕದವರಿಗೆ ಹೇಳಿದ: “ಈ ಸರ್‌ಗೆ ಕರದಂಟು ಬೇಕಂತ. ಕೆಳಗ ಕರಕೊಂಡು ಹೋಗಿ ಊಟಕ್ಕ ಕುಂದರಸ್ರಿ. ಲಗೂನ.” ನನ್ನನ್ನು ಇಬ್ಬರು ಎರಡೂ ಬದಿಯಿಂದ ಹಿಡಿದು ಇಳಿಸಿದರು. ಹುಗ್ಗಿ, ಬುಂದೆ ದಾಟಿಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದು ಕಚೇರಿ ಸೇರಿದೆ.

ಫೋನು ಹಚ್ಚಿದೆ. ಮೋಡೆಮ್ಮು ಗಂಟಲು ಹರಿದುಕೊಂಡು ಕಿರುಚಿ ಸುಮ್ಮನಾಯಿತು. ಕರದಂಟು ಎಂದು ಬೆರಳಚ್ಚಿಸಿದೆ, ಬಾಗಿಲು ತೆರೆಯಿತು. ಆಫ್ ಎಂದೆ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅವಳು ಹೇಳಿದ ಹಾಗೆ ಕೈಕಟ್ಟಿ ಕೂತೆ. ಆಮೇಲೆ ತಂತಿಗೆ ಕಿವಿ ಕೊಟ್ಟು, ಆನ್ ಎಂದೆ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ‘ಎಲ್’ ಮೂಡಿತು. ಮತ್ತೆ ‘ಐ’. ಮತ್ತೆ ‘ಎಲ್’. ಮತ್ತೆ ‘ಓ’. ಲಿನಕ್ಸ್ ಏಳುವಾಗ ಮೊದಲು ಆಡುವ ತೊದಲು ಅದು, ‘ಲಿಲೋ’. ಖಾನಾಪುರದ ಕೋಣೆಯಲ್ಲಿ ಕೂತು ಎಷ್ಟೋ ಸಲ ನೋಡಿದ್ದೆ. ನೋಡಿದರೂ ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಬಿದ್ದ ಮರದ ಮೇಲಿಂದ, ನಿಂತ ಬಸ್ಸುಗಳ ಮೇಲಿಂದ ಆ ನಾಲ್ಕು ಅಕ್ಷರ ನನ್ನ ಟೇಬಲ್ಲಿಗೆ ಬಂದು ಕೂತಾಗ ನನ್ನ ಕೈಮೇಲಿನ ಕೂದಲು ನಿಂತಿತು. ಡಿಸ್ಕು ಸರಿಪಡಿಸಲೇ ಎಂದು ಅದು ಕೇಳಿತು. ಹೌದು ಎಂದೆ. ಇದನ್ನೂ? ಹೌದು. ಇದನ್ನೂ? ಹೌದಪ್ಪಾ ಹೌದು. ಕೊನೆಗೆ ಎದ್ದು ನಿಂತಿತು.

ಮೋಡೆಮ್ಮು ಬಿಡಿಸಿದ ಮರುಕ್ಷಣವೇ ನಾರಾಯಣರಾವ್ ಫೋನು.

“ಸಾಹೇಬ! ನಾ ಬಾಗಲಕ್ಕ ಕಿವಿ ಹಚ್ಚಿ ನಿಂತಿದ್ನಿ. ಒಳಗ ಯಾರೂ ಇಲ್ಲ, ಕೀಲಿ ಹಾಕಿದ್ದು ಹಂಗ ಐತಿ, ಟಕ್ ಅಂತು ನೋಡ್ರಿ! ಪಾಸ್ ಬರಾಕ ಹತ್ತ್ಯಾವು. ಜಾಂಬೋಟಿ ಗಾಡಿ ಮೊದಲ ಬಿಟ್ನಿ. ಆದ್ರ ಖರೇ ಹೇಳತೀನಿ, ಶೈಲಾತಾಯಿಗೆ ಕೈ ಮುಗೀಬೇಕು. ಲಗ್ನದ ಮಂಟಪದಾಗ ಕುಂತು ಮಷಿನ್ ಎಬ್ಬಿಸಿದಳಲ್ಲ!”

“ಎಬ್ಬಿಸಿದಾಂವ ನಾನ್ರಿ,” ಎಂದೆ.

“ಹಾಂ ಹಾಂ, ನೀವೂ ಬಾಜೂಕ ಇದ್ರಿ, ಛಲೋ ಆತು,” ಎಂದು ಇಟ್ಟುಬಿಟ್ಟರು.

ಈಗ ಆ ಪೆಟ್ಟಿಗೆ ನನ್ನ ಮಾತನ್ನೂ ಕೇಳಿದ್ದರೂ ಹೊಟ್ಟೆಯಲ್ಲಿ ಅದೇ ಒಲೆ. ವಿದ್ಯೆ ಬಂದರೆ ಮತ್ಸರ ಹೋಗುತ್ತದೆಂದು ಹೇಳುವವರು ವಿದ್ಯೆಯನ್ನು ಕಂಡಿರಬಹುದು, ನಾರಾಯಣರಾಯರನ್ನು ಕಂಡಿಲ್ಲ. ಆದರೂ ಮರುದಿನ ಅವರು, ಸಂಜೆಯ ಮಳೆಗೆ ಮೊದಲೇ ಶಾಲೆಯ ಮಾಡು ಹೊಚ್ಚಿದರಂತೆ, ಒಂದು ಮೂಲೆ ಮಾತ್ರ ತೊಯ್ದಿತಂತೆ ಎಂದು ತಿಳಿಸಿದಾಗ ಆ ದಿನ ಊಟ ಸರಿಯಾಗಿ ಇಳಿಯಿತು.

ಕೆಲವು ವಾರಗಳ ಮೇಲೆ ಶೈಲಜಾ ನನ್ನನ್ನೂ ಸುಶೀಲಾಳನ್ನೂ ರವಿವಾರ ಪೇಟೆಯ ತನ್ನ ಅತ್ತೆಮನೆಗೆ ಊಟಕ್ಕೆ ಕರೆದಳು. ಊಟವಾದ ಮೇಲೆ ಮದುವೆಯ ಕ್ಯಾಸೆಟ್ಟು ಹಾಕಿದರು. ಆಹೇರಿನ ಭಾಗ ಬಂತು. ನಾನು ಬಂದೆ. ನನ್ನ ಬೆನ್ನು, ಬೆವರಿದ ಅಂಗಿ, ವಧುವಿನ ಕಿವಿಯ ಹತ್ತಿರ ನನ್ನ ತಲೆ. ಮುಗಿಯುವುದೇ ಇಲ್ಲ! ವಿಡಿಯೋದವನು ಯಾವ ಕಾರಣಕ್ಕೋ ಕ್ಯಾಮರಾವನ್ನು ಮೆಲ್ಲಗೆ ವರನ ಮುಖಕ್ಕೆ ತಿರುಗಿಸಿದ್ದ. ಮಲ್ಲಿಕಾರ್ಜುನನ ನಗು ತುಟಿಯ ಮೇಲೆ ಹಾಗೇ ಒಣಗಿತ್ತು. ಕಣ್ಣು ಒಮ್ಮೆ ಅವಳ ಕಡೆ, ಒಮ್ಮೆ ನನ್ನ ಕಡೆ, ಒಮ್ಮೆ ಎಲ್ಲೂ ಅಲ್ಲದ ಕಡೆ. ಆ ಮುಖ ನನಗೆ ಚೆನ್ನಾಗಿ ಪರಿಚಯದ್ದು. ರಿಸೀವರು ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುವವನ ಮುಖ.

“ಸರ್,” ಎಂದ ಮಲ್ಲಿಕಾರ್ಜುನ, ನೆಲ ನೋಡುತ್ತ. “ಅಷ್ಟೊತ್ತು ಏನ್ ಮಾತಾಡಿದ್ರಿ? ಮಷಿನ್ ವಿಷಯ ಅಂತ ಈಕಿ ಹೇಳತಾಳ. ಲಗ್ನದ ದಿನ ಯಾರರ ಮಷಿನ್ ವಿಷಯ ಮಾತಾಡತಾರೇನ್ರಿ?”

ನಾನು ಮರದಿಂದ ಹಿಡಿದು ಮಾಡಿನ ತನಕ ಎಲ್ಲ ಹೇಳಿದೆ. ಅವನು ಬಾಯಿಬಿಟ್ಟುಕೊಂಡು ಕೇಳಿದ, ಕಡೆಗೆ ನಕ್ಕ. ನಕ್ಕರೂ ಪೂರಾ ಸಮಾಧಾನವಾದಂತೆ ಕಾಣಲಿಲ್ಲ. “ನನಗ ಇಷ್ಟು ಲಕ್ಷ್ಯ ಕೊಟ್ಟು ಈಕಿ ಏನೂ ತಿಳಿಸಿ ಹೇಳಿಲ್ರಿ,” ಎಂದ.

ಆಗ ಧೈರ್ಯ ಮಾಡಿ ನಾನು ಶೈಲಜಾಳನ್ನು ಕೇಳಿದೆ: “ನನಗೂ ನಿನ್ನ ಮ್ಯಾಲ ಹಿಂಗ ಹೊಟ್ಟಿ ಉರೀತಿತ್ತು ತಂಗಿ. ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ ಸರ್.”

“ಮತ್ತ ಬ್ಯಾಸರ ಆಗಲಿಲ್ಲ?”

ಅವಳು ಸೆರಗು ಬೆರಳಿಗೆ ಸುತ್ತಿಕೊಂಡು ನಕ್ಕಳು. “ಖರೇ ಹೇಳಲೇನ್ರಿ? ಛಲೋ ಅನಸ್ತಿತ್ತು.”

ಇಷ್ಟು ವರ್ಷದಲ್ಲಿ ನನ್ನನ್ನು ಕಂಡು ಯಾರೂ ಕರುಬಿದ್ದಿಲ್ಲ. ಬೇಕೆನಿಸುವಂಥದ್ದು ನನ್ನಲ್ಲಿ ಏನಾದರೂ ಇದ್ದರಲ್ಲವೇ ಕರುಬುವುದು. ಟೀವಿಯಲ್ಲಿ ಯಾರೋ ಸೋದರಮಾವ ಪಾತ್ರೆ ಕೊಡುತ್ತಿದ್ದ. ಕ್ಯಾಸೆಟ್ಟು ಮುಂದೆ ಓಡುತ್ತಿತ್ತು. ನಾನು ಮಲ್ಲಿಕಾರ್ಜುನನಿಗೆ ಹೇಳಿದೆ:

“ಇನ್ನೊಮ್ಮೆ ಹಿಂದ ತಿರಗಿಸ್ರಿ. ನಿಮ್ಮ ಮುಖ ಬರೂದು ಐತಲ್ಲ, ಅಲ್ಲಿಂದ ನೋಡೂಣು.”